ಕಣ್ಣು ಮುಚ್ಚಿ ಭಾರ ಇಳಿಸಿ

ಹೋದ ಯುಗಾದಿಗೆ ಹೈದರಾಬಾದಿನ ಮಣಿಕೊಂಡದ ನಮ್ಮ ಕಂಪನಿಗೆ, ಕಸ ಗುಡಿಸುವ ನಮ್ಮ ಹನ್ನೆರಡು ಜನರ ಮೇಲೆ ಮಮತೆ ಉಕ್ಕಿತು. ಒಂದು ಶಿಬಿರ ಇಟ್ಟರು. ಬೆಂಗಳೂರಿನಿಂದ ಬಂದ ಮೇಡಂ, “ಕಣ್ಣು ಮುಚ್ಚಿ ಹಳೇ ಭಾರ ಇಳಿಸಿ. ಹೊಸ ವರ್ಷಕ್ಕೆ ಒಬ್ಬರಿಗೊಬ್ಬರು ಆಸರೆಯಾಗಿ” ಎಂದರು.

ಮಂಡಿ ಬಾತು, ಎರಡು ತಿಂಗಳಿಂದ ವಾರದ ರಜೆ ಕೇಳುತ್ತಿದ್ದ ಕಲಬುರಗಿಯ ಮಲ್ಲಮ್ಮ ಕಣ್ಣು ಮುಚ್ಚಲಿಲ್ಲ. “ವಾರಕ್ಕ ಒಂದಿನ ರಜಾ ಕೊಡಸ್ರಿ ಮೇಡಂ, ಭಾರ ತಾನ ಇಳೀತೈತಿ.”

“ನಾವು ಮನಸ್ಸಿನ ಭಾರದ ಬಗ್ಗೆ ಮಾತಾಡ್ತಿರೋದಮ್ಮಾ.”

“ಮಂಡಿ ಮನ್ಯಾಗ ಬಿಟ್ಟು ಬಂದೀನೇನ್ರಿ?”

ನಾನು ಎದ್ದು, ಆಸರೆಯಾಗಿ ಅಂದಿರಲ್ಲ, ಮಲ್ಲಮ್ಮನಿಗೆ ರಜೆ ಕೊಡುವವರೆಗೆ ನಾವ್ಯಾರೂ ಪೊರಕೆ ಮುಟ್ಟುವುದಿಲ್ಲ ಎಂದೆ. ಎಲ್ಲರೂ ಅಲ್ಲೇ ಕುಳಿತೆವು. ಮಧ್ಯಾಹ್ನದೊಳಗೆ ಸೂಪರ್‌ವೈಸರ್ ರಜೆಗೆ ಸಹಿ ಹಾಕಿದ.

ಈ ವರ್ಷ ಶಿಬಿರ ಎಂಜಿನಿಯರುಗಳಿಗೆ ಮಾತ್ರ. ನಾವು ಸಾಕಷ್ಟು ಹಗುರಾಗಿದ್ದೇವಂತೆ.