ತವರಿಗೆ ಹೊರಟ ಬಾವಿ

ನಳಿನಿ ಬಾಯಿ ನೀರು ಕುಡಿಯುವ ಮೊದಲು ಲೋಟದೊಳಗೆ ಇಣುಕಿ, 'ಎಲ್ಲಿಂದ ಬಂದೀಯವ್ವಾ?' ಎಂದು ಕೇಳುತ್ತಿದ್ದರು. ಕೇಳಿದ ಮೇಲೆ ಒಂದು ಕ್ಷಣ ಕಾಯುತ್ತಿದ್ದರು ಬೇರೆ. ಮೊದಲ ಸಲ ನೋಡಿದಾಗ ಇವರ ತಲೆ ನೆಟ್ಟಗಿದೆಯೇ ಎಂದು ನನಗೆ ಅನುಮಾನ ಬಂದದ್ದು ನಿಜ.

ನಮ್ಮ ಬೆಳಗಾವಿಯಲ್ಲಿ ಶಾಲೆಯ ಶಿಕ್ಷಕಿಯನ್ನು 'ಬಾಯಿ' ಎನ್ನುವ ರೂಢಿ. ಖಾನಾಪುರದ ಹೊಳೆದಂಡೆಯಲ್ಲಿ ಹುಟ್ಟಿದ ಇವರು ಊರಿನ ಕ್ಯಾಂಪ್ ಬಡಾವಣೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದರು. ಖಾಸಬಾಗದ ಹಳೆಯ ವಾಡೆಯಲ್ಲಿ, ಅಂಗಳದ ಸುತ್ತ ಕಟ್ಟಿದ ದೊಡ್ಡ ಮನೆಯಲ್ಲಿ, ನನ್ನ ಪಕ್ಕದ ಬಾಡಿಗೆದಾರರು. ಬಿಡುವಾದಾಗ ಕತೆ ಬರೆಯುತ್ತಿದ್ದರು. ಎಲ್ಲವೂ ನೀರಿನವೇ, ಒಂದೂ ನೆಟ್ಟಗಿನದಲ್ಲ. ಒಂದರಲ್ಲಿ, ಕಾಡು ಕಡಿದದ್ದರಿಂದ ದಾರಿ ತಪ್ಪಿದ ಮೋಡ ನಂದಗಡದ ಸಂತೆಗಿಳಿದು, ಮೆಣಸಿನಕಾಯಿ ಮಾರುವವಳ ಹತ್ತಿರ ಊರಿನ ಗುರುತು ಕೇಳುತ್ತದೆ. ಅವಳು ತನ್ನ ಕಾಯಿ ತೊಯ್ಯುತ್ತವೆಂದು ಮೋಡವನ್ನೇ ಗದರುತ್ತಾಳೆ. ನೀರಿಗೆ ಕಾಲೆಲ್ಲಿಂದ ಬಂತು ಎಂದು ನಾನು ತಕರಾರು ತೆಗೆದರೆ ಅವರದು ತಣ್ಣಗಿನ ಉತ್ತರ.

'ಮಲಪ್ರಭಾ ದಿನಾ ಊರ ಮುಂದ ನಡಕೋತ ಹೋಗತಾಳಲ್ರೀ. ನೋಡೂದು ನಾವು ಬಿಟ್ಟೇವಿ.'

ವಾಡೆಯ ಅಂಗಳದಲ್ಲೊಂದು ಬಾವಿ. ನಾವೆಲ್ಲ ಚಿಕ್ಕಮ್ಮನೆಂಬಂತೆ 'ಕಾಕು' ಎನ್ನುತ್ತಿದ್ದ ಮನೆಯೊಡತಿ ಮಾಲತಿ ಅದನ್ನು ಮುಚ್ಚಿ, ಮೇಲೆ ಮಗನ ಕಾರು ನಿಲ್ಲಿಸುವ ಹಟ ಹಿಡಿದಿದ್ದರು. ಬಾಯಿ ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಕಲ್ಲಿನ ಚಪ್ಪಡಿಗಳೂ ಬಂದು ಬಿದ್ದವು. ಬಾಯಿಗೆ ಊಟ ಸೇರದಾಯಿತು. ಒಂದು ಸಂಜೆ ಎಲ್ಲರನ್ನೂ ಬಾವಿಕಟ್ಟೆಗೆ ಕರೆದು ಹೊಸ ಕತೆ ಓದಿದರು.

ಕಾಕುವಿನ ಮನೆಮಾತು ಮರಾಠಿ. ಅವರ ಕನ್ನಡದಲ್ಲಿ ಗಂಡ, ಸೊಸೆ, ಬಕೆಟ್ಟು ಎಲ್ಲವೂ 'ಅದು'. 'ಬಾವಿ ಮುನಿಸಿಕೊಂಡು ತವರಿಗೆ ಹೋಯಿತು' ಎಂಬ ಸಾಲು ಬಂದಾಗ ಅವರ ಕಿವಿಗೆ ಬಿದ್ದದ್ದು 'ಬಾಯಿ'. ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು.

'ಯಾವ ಬಾಯಿ ಹೋತ್ರೀ? ಮನ್ಯಾಗ ಯಾರ ಕಾಟ ಇತ್ತು ಅದಕ್ಕ?'

ನಾವೆಲ್ಲ ನಕ್ಕೆವು. ಅಂಗಡಿ ಬೋರ್ಡಿನ ಕಾಗುಣಿತವನ್ನೂ ತಿದ್ದದೆ ಬಿಡದ ಬಾಯಿ ನಗಲಿಲ್ಲ, ಕಾಕುವನ್ನು ತಿದ್ದಲೂ ಇಲ್ಲ.

'ತಲಿ ಮ್ಯಾಲ ಕಲ್ಲು ಹೇರಿದ್ರ ಯಾವ ಬಾಯಿ ಮನ್ಯಾಗ ಇರತಾಳ್ರೀ?'

ಕಾಕು ಚಪ್ಪಡಿಗಳತ್ತ ತಿರುಗಿ ನೋಡಿದರು. ಶುಕ್ರವಾರ ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಅರಿಸಿನ, ಕುಂಕುಮ, ರವಿಕೆಯ ಖಣ, ತೆಂಗಿನಕಾಯಿ. ಮುನಿದು ಹೊರಟ ಹೆಣ್ಣನ್ನು ಬರಿ ಉಡಿಯಲ್ಲಿ ಕಳಿಸಬಾರದೆಂದು ಕಾಕು ಬಾವಿಗೆ ಉಡಿ ತುಂಬಿದ್ದರು. ಉಡಿ ತುಂಬಿಸಿಕೊಂಡವಳ ತಲೆ ಮೇಲೆ ಕಲ್ಲಿಡುವವರಾದರೂ ಯಾರು? ಚಪ್ಪಡಿಗಳು ಬಟ್ಟೆ ಒಗೆಯುವ ಕಲ್ಲಾದವು, ಕಾರು ರಸ್ತೆಯಲ್ಲೇ ನಿಂತಿತು. ಒಂದು ತಪ್ಪನ್ನು ತಿದ್ದದೆ ಬಿಟ್ಟು ಬಾವಿ ಉಳಿಸಿದ ಆ ಜಾಣತನಕ್ಕೆ ಕೈಮುಗಿಯಬೇಕೆನಿಸಿತು.

ಹೋದ ಮಳೆಗಾಲದಲ್ಲಿ ನಾನು ಆಫೀಸಿನಲ್ಲಿದ್ದಾಗ ಕಾಕುವಿನ ಫೋನು ಬಂತು. 'ಬಾಯಿ ಹೋತು' ಎಂದರು. ಮಳೆಯ ಸದ್ದಿನಲ್ಲಿ ನನಗೆ ಕೇಳಿಸಿದ್ದು 'ಬಾವಿ'. ಸಿಟ್ಟು ನೆತ್ತಿಗೇರಿತು. ಕಡೆಗೂ ಮುಚ್ಚಿಯೇಬಿಟ್ಟಿರಾ, ಇನ್ನು ಬಾಯಿಗೆ ಏನೆಂದು ಹೇಳುತ್ತೀರಿ ಎಂದು ಕೂಗಾಡಿದೆ. ಆ ಕಡೆಯಿಂದ ಅಳು ಕೇಳಿಸಿತು.

ವಾಡೆಗೆ ಓಡಿದೆ. ಬಾವಿ ತುಂಬಿ ನಿಂತಿತ್ತು. ಶಾಲೆಯಿಂದ ಬಂದು ಅಡ್ಡಾದ ಬಾಯಿ ಮತ್ತೆ ಎದ್ದಿರಲಿಲ್ಲ. ಅವರನ್ನು ಹುಟ್ಟೂರು ಖಾನಾಪುರಕ್ಕೆ ಒಯ್ಯುವ ಗಾಡಿ ಬಾಗಿಲಲ್ಲಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಕಡೆಯ ಸ್ನಾನಕ್ಕೆ ಕಾಕು ತಾವೇ ನೀರು ಸೇದಿದರು. ಎತ್ತಿದ ಕೊಡವನ್ನು ಕಟ್ಟೆಯ ಮೇಲಿಟ್ಟು, ಒಳಗೆ ಇಣುಕಿ, ನೀರಿಗೆ ಹೇಳಿದರು:

'ಬಾಯಿ ತವರಿಗಿ ಹೊಂಟೈತಿ. ಅದರ ಜೋಡಿ ಹೋಗು.'