ಪ್ಲಾಟಿನಂ ಗಂಜಿ

ಗಂಜಿಗೆ ಉಪ್ಪು ಹಾಕಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಹೇಳಿದರೆ ಅಲ್ಲಿಯತನಕ ನಾನು ಜಾಣನ ಹಾಗೆ ಓಡಾಡಿಕೊಂಡಿರುತ್ತೇನೆ, ಅದು ಇನ್ನೊಂದು ಸುಳ್ಳಾಗುತ್ತದೆ.

ಎಂಬತ್ತರ ದಶಕದ ಆರಂಭ. ಯಶವಂತಪುರದ ಆಚೆ ಒಂದು ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಾನು ಸಹಾಯಕ. ಬಿ.ಎಸ್ಸಿ.ಯಲ್ಲಿ ಎರಡನೇ ದರ್ಜೆ, ಮಿಮಿಕ್ರಿಯಲ್ಲಿ ಮಾತ್ರ ಮೊದಲನೇ ದರ್ಜೆ. ನಮ್ಮ ಪ್ರೊಫೆಸರದು ಮೂಗಿನಲ್ಲಿ ಶುರುವಾಗಿ ಗಂಟಲಲ್ಲಿ ಮುಗಿಯುವ ದನಿ. ಅವರು ಇಲ್ಲದ ಹೊತ್ತಿನಲ್ಲಿ ಆ ದನಿಯ ಕೆಲಸವನ್ನು ನಾನೇ ನೋಡಿಕೊಳ್ಳುತ್ತಿದ್ದೆ.

ಅಲ್ಲಿ ಧಾರವಾಡದ ಕಡೆಯ ಅಕ್ಕ ಒಬ್ಬರು ಪಿಎಚ್.ಡಿ. ಮಾಡುತ್ತಿದ್ದರು. ಆರ್.ಟಿ. ನಗರದ ಅಣ್ಣನ ಮನೆಯಿಂದ ಎರಡು ಬಸ್ಸು ಬದಲಾಯಿಸಿ ಬರುವವರು. ಪ್ಲಾಟಿನಂ ಅನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ನೀರಿನಲ್ಲಿ ತೇಲಿಸುವುದು ಅವರ ಕೆಲಸ. ಆ ನೀರಿನ ನಾಲ್ಕು ಹನಿ ಹೈಡ್ರೋಜನ್ ಪೆರಾಕ್ಸೈಡಿಗೆ ಬಿದ್ದರೆ ಸೋಡಾ ಬಾಟಲಿ ತೆಗೆದಂತೆ ಗುಳ್ಳೆ ಏಳುತ್ತದೆ. ಕಣಗಳು ಒಂದಕ್ಕೊಂದು ಅಂಟಿಕೊಂಡು ತಳ ಸೇರಿದರೆ ಗುಳ್ಳೆಯೂ ಇಲ್ಲ, ಗಿಳ್ಳೆಯೂ ಇಲ್ಲ. ಅಂಟದಂತೆ ತಡೆಯಲು ಪ್ರೊಫೆಸರು ಹೊರದೇಶದ ಡಬ್ಬಿಯ ಪುಡಿ ಹೇಳಿದ್ದರು. ಅಕ್ಕ ಅಕ್ಕಿಗಂಜಿ ಸಾಕು ಎಂದರು. ಗಂಜಿಯೆಂದರೆ ಸಕ್ಕರೆಯೇ ಸರದಂತೆ ಪೋಣಿಸಿಕೊಂಡಿರುವುದು, ಅದು ಒಂದೊಂದು ಕಣವನ್ನೂ ಸುತ್ತಿಕೊಂಡು ಬೇರೆಬೇರೆ ಇಡುತ್ತದೆ ಎಂಬುದು ಅವರ ವಾದ. ತಾವೇ ಚಮಚದಷ್ಟು ಮಾಡಿ ನೋಡಿದಾಗ ತಳ ಸೇರದೆ ನಿಂತೂ ಇತ್ತು.

"ಇದೇನಮ್ಮಾ, ಅಡುಗೆಮನೆ ಕೆಲಸ" ಎಂದು ಪ್ರೊಫೆಸರು ನಕ್ಕರು. ತಿಂಗಳೊಳಗೆ ಒಂದು ಬಾಟಲಿ ಗಂಜಿಯ ದ್ರಾವಣ ಏಳು ದಿನ ತಳ ಸೇರದೆ ನಿಂತರೆ ಸರಿ, ಇಲ್ಲದಿದ್ದರೆ ಎರಡು ವರ್ಷದ ಕೆಲಸ ಬಿಟ್ಟು ಬೇರೆ ವಿಷಯ ಹಿಡಿಯಬೇಕು ಎಂದೂ ಹೇಳಿದರು.

ಗಂಜಿ ಕಾಯಿಸುವುದು ನನ್ನ ಪಾಲಿಗೆ ಬಂತು. ಉಗ್ರಾಣದಲ್ಲೊಂದು ಹೀಟರು, ಅದರ ಮೇಲೆ ಪಾತ್ರೆ. ಕೋಗಿಲು ಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಅಟೆಂಡರು ಮೊದಲ ದಿನವೇ ಬಗ್ಗಿ ನೋಡಿ, ಹನ್ನೊಂದು ಗಂಟೆಗೆ ನಮಗೂ ಒಂದೊಂದು ಲೋಟ ಇರಲಿ ಎಂದರು. "ಉಪ್ಪಾಕು ಮಗಾ. ಇಂಗೆ ಸಪ್ಪೆ ಕುಡಿಯಾಕೆ ನಮಗೇನ್ ಜ್ವರ ಬಂದೈತಾ?" ಹಾಕಿದೆ, ಧಾರಾಳವಾಗಿಯೇ. ಇಬ್ಬರೂ ಕುಡಿದು, ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ ಅಕ್ಕನಿಗೆ ಕೊಟ್ಟೆ. ಮುಂದೆ ಗಂಜಿ ಕಾಯಿಸಿದಾಗಲೆಲ್ಲ ಅದೇ ಪದ್ಧತಿಯಾಯಿತು.

ಸಂಜೆ ಡಿಕಾಕ್ಷನ್ ಬಣ್ಣಕ್ಕಿದ್ದ ದ್ರಾವಣ ಬೆಳಿಗ್ಗೆ ಬಂದು ನೋಡಿದರೆ ಮೇಲೆ ತಿಳಿನೀರು, ಕೆಳಗೆ ಕರಿ ಕೆಸರು. ಮೂರು ಸಲ ಹಾಗೇ ಆಯಿತು. ಅಕ್ಕ ಬಾಟಲಿ ಬದಲಿಸಿದರು, ಅಕ್ಕಿ ಬದಲಿಸಿದರು, ನೀರನ್ನು ಎರಡೆರಡು ಸಲ ಬಟ್ಟಿ ಇಳಿಸಿದರು. ತಿಂಗಳು ಮುಗಿಯುತ್ತ ಬಂತು. ನಾನು ಪ್ರೊಫೆಸರ ದನಿಯಲ್ಲಿ "ಅಡುಗೆಮನೆ ಕೆಲಸ" ಎಂದು ನಗಿಸಲು ನೋಡಿದೆ. ಅಕ್ಕ ನಗಲಿಲ್ಲ.

ಒಂದು ಮಧ್ಯಾಹ್ನ ಅವರು ತಮಗೆ ತಾವೇ ಎಂಬಂತೆ ಕಾರಣಗಳನ್ನು ಹುಡುಕುತ್ತಿದ್ದರು. "ಉಪ್ಪು ಬಿದ್ರ ಹಿಂಗಾಗತೈತಿ. ಎಲ್ಲಾ ಒಂದಕ್ಕೊಂದು ಅಂಟಿ ತಳಕ್ಕ ಕುಂದ್ರತಾವ. ಆದ್ರ ಇಲ್ಲಿ ಉಪ್ಪು ಎಲ್ಲಿಂದ ಬರಬೇಕು?"

ನನ್ನ ಹೊಟ್ಟೆಯಲ್ಲಿದ್ದ ಗಂಜಿಯೂ ಆಗ ತಳ ಸೇರಿತು. ಧೈರ್ಯಕ್ಕೆಂದು ಪ್ರೊಫೆಸರ ದನಿಯನ್ನೇ ಎಳೆದುಕೊಂಡು, "ನೋಡಮ್ಮಾ, ಈ ಹುಡುಗ ಏನ್ ಮಾಡಿದಾನೆ ಅಂದ್ರೆ..." ಎಂದು ಶುರುಮಾಡಿದೆ.

"ನಿನ್ನ ದನಿಯಾಗ ಹೇಳು" ಎಂದರು ಅಕ್ಕ.

ನನ್ನ ದನಿ ನನಗೇ ಸರಿಯಾಗಿ ಬರಲಿಲ್ಲ, ಅಭ್ಯಾಸ ತಪ್ಪಿತ್ತು. ಹೇಗೋ ಹೇಳಿದೆ. ಅವರು ಬಯ್ಯಲಿಲ್ಲ. ಪ್ರೊಫೆಸರ ಕೋಣೆಗೆ ಕರೆದೊಯ್ದು ಅದೇ ಮಾತನ್ನು ಇನ್ನೊಮ್ಮೆ ಹೇಳಿಸಿದರು. ಪ್ರೊಫೆಸರ ಎದುರಿಗೇ ಪ್ರೊಫೆಸರ ದನಿ ಬಾಯಿಗೆ ಬರದಂತೆ ತಡೆದುಕೊಳ್ಳುವುದು ಎಷ್ಟು ಕಷ್ಟವೆಂದು ಆವತ್ತು ತಿಳಿಯಿತು. ಅಕ್ಕನಿಗೆ ಇನ್ನೊಂದೇ ಒಂದು ಅವಕಾಶ ಸಿಕ್ಕಿತು.

ಆ ಕರಿ ಕೆಸರನ್ನೇ ಆಮ್ಲದಲ್ಲಿ ಕರಗಿಸಿ ಅವರು ಮೊದಲಿನಿಂದ ಎಲ್ಲ ಮಾಡಿದರು. ಗಂಜಿಯನ್ನೂ ತಾವೇ ಕಾಯಿಸಿದರು. ನನಗೆ ಹೀಟರಿನಿಂದ ಮೂರು ಮಾರು ದೂರದಲ್ಲಿ ಒಂದು ಸ್ಟೂಲು. ಅಟೆಂಡರು ಮನೆಯಿಂದ ಬುತ್ತಿ ತರತೊಡಗಿದರು.

ಏಳನೆಯ ದಿನ ಪ್ರೊಫೆಸರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಡಿಕಾಕ್ಷನ್ ಬಣ್ಣ ಹಾಗೇ ಇತ್ತು, ತಳದಲ್ಲಿ ಏನೂ ಇಲ್ಲ. ನಾಲ್ಕು ಹನಿ ಪೆರಾಕ್ಸೈಡಿಗೆ ಬಿಟ್ಟರು. ಗುಳ್ಳೆ ಕೊಳವೆಯ ಬಾಯಿತನಕ ಎದ್ದು ಬಂತು. ವಿಷಯ ನಿಮ್ಮದೇ, ಬರೆಯಲು ಶುರುಮಾಡಿ ಎಂದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಬಾಗಿಲವರೆಗೆ ಹೋದವರು ತಿರುಗಿ, "ಆದ್ರೂ ಇದು ಅಡುಗೆಮನೆ ಕೆಲಸಾನೇ ಕಣಮ್ಮಾ" ಎಂದರು.

ಅಕ್ಕ ಕೊಳವೆ ತೊಳೆಯುತ್ತ ನನ್ನ ಕಡೆ ಗದ್ದ ಎತ್ತಿ ತೋರಿಸಿದರು. "ಅಡಗಿಮನಿ ಕೆಲಸ ಆಗಿದ್ರ ಇಂವನ್ನ ಒಳಗ ಬಿಡ್ತಿದ್ದೆನೇನ್ರಿ, ಸರ್?"