ಪದ್ಮಶ್ರೀ ಕಂಡ ನೀರಿನ ಬಣ್ಣ

ಪದ್ಮಶ್ರೀಗೆ ಕಣ್ಣು ತೆರೆದುಕೊಂಡೇ ಕನಸು ಕಾಣುವ ಚಾಳಿ. ದೊಡ್ಡಬಳ್ಳಾಪುರದ ಕಡೆಯ ಆ ಊರಿನಲ್ಲಿ ಮಂಜು ಇನ್ನೂ ದ್ರಾಕ್ಷಿ ಚಪ್ಪರದ ಮೇಲೆ ಕೂತಿರುವಾಗಲೇ ಅವಳು ಒಂದೊಂದು ನಲ್ಲಿಗೂ ಹೋಗುತ್ತಾಳೆ. ಗಾಜಿನ ಸಣ್ಣ ಕೊಳವೆಯಲ್ಲಿ ನೀರು ಹಿಡಿದು, ಪಂಚಾಯ್ತಿಯವರು ಕೊಟ್ಟ ಪೆಟ್ಟಿಗೆಯ ಔಷಧಿ ಹಾಕಿ, ಬಣ್ಣ ಏಳುವುದನ್ನೇ ನೋಡುತ್ತ ನಿಲ್ಲುತ್ತಾಳೆ. ಕಾಲ ಕೆಳಗೆ ಎಲ್ಲೋ ಆಳದಲ್ಲಿ ನೀರು ಮೆಲ್ಲಗೆ ನಡೆಯುತ್ತಿದೆ, ತಿಪ್ಪೆಗುಂಡಿಯ ಅಡಿಯಿಂದ, ಗೊಬ್ಬರ ಸುರಿದ ತೋಟದ ಅಡಿಯಿಂದ ಹಾದು, ಸಿಕ್ಕಿದ್ದನ್ನೆಲ್ಲ ಮಡಿಲಿಗೆ ಕಟ್ಟಿಕೊಂಡು ಬರುತ್ತಿದೆ ಅನ್ನಿಸುತ್ತದೆ ಅವಳಿಗೆ. ಅತ್ತ ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಪರಿವೆಯಿಲ್ಲ.

ಹೀಗೆ ಬಣ್ಣ ಅಳೆದು ಅವಳು ಫೋನಿನಲ್ಲಿ ಕಳಿಸಿದ ಅಂಕಿ ನೋಡಿಯೇ ಹೋದ ವರ್ಷ ಪಂಚಾಯ್ತಿಯವರು ಕೆಳಗಿನ ಬೀದಿಯ ಕೆಟ್ಟ ಬೋರ್‌ವೆಲ್ ನಿಲ್ಲಿಸಿ, ಬೇರೆ ಕಡೆಯಿಂದ ಪೈಪು ಎಳೆಸಿದ್ದರು. ಅವಳ ಮಾವ ಗೋಪಾಲಪ್ಪ ಅದನ್ನು ಟೀ ಅಂಗಡಿಯಲ್ಲಿ ಹೇಳಿ ಹೇಳಿ ಜನರ ಕಿವಿ ತೂತು ಮಾಡಿದ್ದ. ಹೇಳದೆ ಇರುತ್ತಾನೆಯೇ? ತನ್ನ ಸ್ವಂತ ಬೋರ್‌ವೆಲ್‌ನಿಂದ ಮೇಲಿನ ಬೀದಿಗೆಲ್ಲ ನೀರು ಬಿಟ್ಟ ಪುಣ್ಯಾತ್ಮ ಅವನು. ಬಾಣಂತನ ಮುಗಿಸಿದ ಹೆಣ್ಣುಮಕ್ಕಳು ಗಂಗೆ ಪೂಜೆ ಮಾಡುತ್ತಿದ್ದುದೂ ಅವನ ಮನೆ ಮುಂದಿನ ನಲ್ಲಿಗೇ.

ಈ ಸಲ ಆ ನಲ್ಲಿಯ ನೀರೇ ಕೊಳವೆಯಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿತು. ಮದುವೆಮನೆಯ ಶರಬತ್ತಿನ ಹಾಗೆ ಎಷ್ಟು ಚೆಂದ! ಬಣ್ಣ ಗಾಢವಾದಷ್ಟೂ ನೈಟ್ರೇಟ್ ಹೆಚ್ಚು, ಎಳೆಗೂಸಿನ ರಕ್ತಕ್ಕೇ ಅದು ಉಸಿರು ಸಿಗದಂತೆ ಮಾಡುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಮರುದಿನ ಮತ್ತೆ ನೋಡಿದಳು. ಅದರ ಮರುದಿನವೂ ಅದೇ ಬಣ್ಣ. ಫೋನು ತೆಗೆದಾಗಲೆಲ್ಲ ಮಾವನ ಮುಖ ಕಣ್ಣ ಮುಂದೆ ಬಂದು, ಅಂಕಿ ಕಳಿಸಲು ಬೆರಳೇ ಏಳಲಿಲ್ಲ. ನಾಳೆ ನೀರು ತಾನಾಗಿ ತಿಳಿಯಾದೀತು ಎಂದು ಮರುಳಿಯ ಹಾಗೆ ದಿನ ತಳ್ಳಿದಳು.

ಹನ್ನೆರಡನೆಯ ದಿನ, ಪಕ್ಕದ ಮನೆಯ ಮಮತ ಮೂರು ತಿಂಗಳ ಮಗಳನ್ನು ಎತ್ತಿಕೊಂಡು ಗಂಗೆ ಪೂಜೆಗೆ ಬಂದಳು. ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಬಿಂದಿಗೆ ತುಂಬಿಸಿಕೊಂಡಳು.

“ನಾಳೆಯಿಂದ ಬಾಶೆಟ್ಟಿಹಳ್ಳಿ ಫ್ಯಾಕ್ಟ್ರಿಗೆ ಹೋಗ್ಬೇಕು ಅಕ್ಕ. ಮಗೂಗಿನ್ನು ಬಾಟ್ಲಿ ಹಾಲೇ ಗತಿ. ಈ ನೀರಲ್ಲೇ ಪುಡಿ ಕಲ್ಸಿ ಕೊಡು ಅಂತ ಅಮ್ಮಂಗೆ ಹೇಳಿದೀನಿ.”

ಪದ್ಮಶ್ರೀಯ ಮಂಪರೆಲ್ಲ ಹಾರಿಹೋಯಿತು.

“ಬೇಡ ಕಣೇ! ಈ ನೀರು ಮಗೂಗೆ ಹಾಕ್ಬೇಡ.”

ಜಗಲಿಯಲ್ಲಿದ್ದ ಗೋಪಾಲಪ್ಪ ಎದ್ದು ಬಂದ. “ಯಾಕಮ್ಮ? ಕಾಯ್ಸಿ ಕೊಟ್ರಾಯ್ತಪ್ಪ.”

“ಕಾಯ್ಸಿದ್ರೆ ನೀರು ಆವಿಯಾಗಿ ಇರೋ ವಿಷ ಇನ್ನೂ ಜಾಸ್ತಿ ಆಗುತ್ತೆ ಮಾವ. ಕೆಳಗಿನ ಬೀದಿ ಬೋರಲ್ಲಿ ಬಂದಿತ್ತಲ್ಲ ನೈಟ್ರೇಟು, ಅದು ನಮ್ ಬೋರಿಗೂ ಬಂದೈತೆ.”

ಮಮತಳ ಜೊತೆ ಪೂಜೆಗೆ ಬಂದಿದ್ದ ಹೆಂಗಸರೆಲ್ಲ ನಲ್ಲಿಯಿಂದ ಹಿಂದೆ ಸರಿದರು. ಮಮತ ಬಿಂದಿಗೆ ಕೆಳಗಿಟ್ಟು ಮಗುವನ್ನು ಎದೆಗೆ ಅವುಚಿಕೊಂಡಳು. ಗೋಪಾಲಪ್ಪ ಒಮ್ಮೆ ನಲ್ಲಿ ನೋಡಿದ, ಒಮ್ಮೆ ಸೊಸೆಯನ್ನು ನೋಡಿದ. ಇನ್ನೇನು ಬೈಗುಳ ಶುರುವಾಯಿತು ಎಂದುಕೊಂಡು ಅವಳು ತಲೆ ತಗ್ಗಿಸಿದಳು.

“ಯಾವತ್ತು ಗೊತ್ತಾಯ್ತು ನಿಂಗೆ?”

“ಹನ್ನೆರಡು ದಿನ ಆಯ್ತು ಮಾವ.”

“ಹನ್ನೆರಡು ದಿನಾನಾ?” ಅವನು ಮಗುವಿನ ಕಡೆ ಕೈ ತೋರಿಸಿದ. “ಈ ಕೂಸಿಗಿಂತ ನನ್ ಮರ್ಯಾದೆ ದೊಡ್ದು ಅಂದ್ಕೊಂಡ್ಬಿಟ್ಯಾ? ಇಷ್ಟು ವರ್ಷ ಈ ಮನೇಲಿದ್ದು ನನ್ನ ಇಷ್ಟೇನಾ ತಿಳ್ಕೊಂಡಿದ್ದು ನೀನು?”

ಅವಳಿಗೆ ನಾಚಿಕೆಯಿಂದ ಅಳು ಒತ್ತರಿಸಿ ಬಂತು. ಗೋಪಾಲಪ್ಪ ಬಗ್ಗಿ, ಮಮತಳ ಬಿಂದಿಗೆಯ ನೀರನ್ನು ತಾನೇ ಗಿಡದ ಬುಡಕ್ಕೆ ಚೆಲ್ಲಿದ.

“ಫೋನ್ ತೆಗಿ. ಗೋಪಾಲಪ್ಪನ ಬೋರು ಅಂತ ಹೆಸ್ರು ಹಾಕೇ ಕಳ್ಸು,” ಅಂದ.